ನೆಲಕ್ಕೆ ತಾಗದ ಹಿಮ್ಮಡಿ

ಕಾರ್ತಿಕ ಮಾಸದಲ್ಲಿ ನನಗೊಂದು ಸಣ್ಣ ಚಿಂತೆ ಹತ್ತಿಕೊಂಡಿತು. ಯಾರ ಮುಂದೆಯೂ ಆಡದೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ: ನಾಗಶ್ರೀ ಹಿಮ್ಮಡಿ ಊರದೆ ನಡೆಯುತ್ತಿದ್ದಾಳೆ, ಅದನ್ನು ಅಜ್ಜಿ ನೋಡಿಬಿಟ್ಟರೆ? ನೀರಿನ ಕೊಡ ಹೊರುವಾಗ, ದನಕ್ಕೆ ಹುಲ್ಲು ಹಾಕುವಾಗ, ತಟ್ಟೆ ಎತ್ತಿಡುವಾಗಲೂ ತುದಿಗಾಲು. ಅದು ಅವಳ ಅರಿವಿಗೇ ಬರುತ್ತಿರಲಿಲ್ಲ.

ನಾಗಶ್ರೀ ನನ್ನ ತಂಗಿ. ಪಿಯುಸಿ ಓದಲು ಕುಂತೂರಿನಿಂದ ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗುತ್ತಿದ್ದಳು. ನಾನು ಡಿಗ್ರಿ ಮುಗಿಸಿ, ನನಗೆ ಗಂಡು ಗೊತ್ತಾಗುವುದನ್ನು ಕಾಯುತ್ತಾ ಮನೆಯಲ್ಲಿದ್ದೆ. ಇಬ್ಬರೂ ಸೇರಿ ನನ್ನ ಫೋನಿನಲ್ಲಿ ಒಂದು ಸಿನಿಮಾ ನೋಡಿದ್ದೆವು. ಯಾವುದೋ ಚಳಿ ಊರಿನ ಹುಡುಗಿ ಬ್ಯಾಲೆ ಕಲಿತೇ ತೀರುತ್ತೇನೆಂದು ಹಟ ಹಿಡಿಯುವ ಕಥೆ. ನಾನು ನೋಡಿ ಮರೆತೆ. ಅವಳು ಮರೆಯಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಅಂಗಡಿಯೊಂದರ ಮೇಲೆ ಪದ್ಮಿನಿ ಮಿಸ್ ನೃತ್ಯ ಹೇಳಿಕೊಡುತ್ತಾರೆ. ಬೆಂಗಳೂರಿನಲ್ಲಿದ್ದಾಗ ಬ್ಯಾಲೆಯನ್ನೂ ಕಲಿತವರು. ಕಾಲೇಜು ಬಿಟ್ಟ ಮೇಲೆ ನಾಗಶ್ರೀ ಅಲ್ಲಿಗೆ ಹೋಗತೊಡಗಿದಳು. ಮನೆಯಲ್ಲಿ ಮಾತ್ರ ‘ಸ್ಪೆಷಲ್ ಕ್ಲಾಸು’.

ಊರಿಗೆ ಬಂದರೆ ಕೊಟ್ಟಿಗೆಯೇ ಅವಳ ಶಾಲೆ. ದನ ಕಟ್ಟುವ ಅಡ್ಡಮರ ಹಿಡಿದು ಬೆನ್ನು ನೆಟ್ಟಗೆ ಮಾಡಿ ಮೆಲ್ಲಗೆ ಮೇಲೇಳುವಳು, ಮೆಲ್ಲಗೆ ಇಳಿಯುವಳು. ಸೀಮೆಹಸು ಮೆಲುಕು ಹಾಕುತ್ತಾ ನೋಡುತ್ತಿತ್ತು. “ಇದೊಂದೇ ಕಣಕ್ಕ, ನಂಗೆ ಬೈಯದೆ ನೋಡೋದು,” ಎನ್ನುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಚಿಕ್ಕಮಾದಮ್ಮ ಬಂದು ಜಗಲಿಯಲ್ಲಿ ಅಜ್ಜಿಯ ಪಕ್ಕ ಕೂತರು.

“ಕಬ್ಬಿನ ಟ್ರ್ಯಾಕ್ಟರ್ ಓಡಿಸೋ ಶಿವಶಂಕರ ನೋಡ್ದನಂತೆ ಕಣಕ್ಕ. ನಿಮ್ ಗದ್ದೆ ತಾವ ಮುಚ್ಚಂಜೇಲಿ ನಿಮ್ ಚಿಕ್ ಕೂಸು ನೆಲ ಮುಟ್ಟದಂಗೆ ತಿರುಗ್ತಿತ್ತಂತೆ. ಅವತ್ತಿಂದ ಅವನಿಗೆ ಜ್ವರ.”

“ಅವನ ಜ್ವರ ದಿನಾ ಸಂಜೆ ಬಾಟ್ಲಿಂದ ಬತ್ತದೆ,” ಎಂದಳು ನಾಗಶ್ರೀ ಒಳಗಿನಿಂದ.

ಅಜ್ಜಿ ನಗಲಿಲ್ಲ. ನೀರು ಕೊಡಲು ಬಂದ ಮೊಮ್ಮಗಳ ಪಾದವನ್ನೇ ನೋಡುತ್ತಿದ್ದರು. “ನಮ್ ಮೀನಾ ಬಂದವಳೆ,” ಎಂದರು.

ಮೀನಾ ನಮ್ಮಪ್ಪನ ತಂಗಿ, ನಾಗಶ್ರೀಯ ವಯಸ್ಸಿನಲ್ಲೇ ಬಾವಿಗೆ ಬಿದ್ದು ಸತ್ತವಳು. ಗಾಳಿ ಸೋಕಿದವರ ಹಿಮ್ಮಡಿ ನೆಲ ಮುಟ್ಟುವುದಿಲ್ಲವೆಂಬುದು ನಮ್ಮಜ್ಜಿಯ ನಂಬಿಕೆ. ಅದಕ್ಕೆ ಮದ್ದು ಹಿಮ್ಮಡಿಗೆ ಬರೆ ಎಳೆಸುವುದು. ಸುಟ್ಟರೆ ಗಾಳಿ ಇಳಿದು ಕಾಲು ನೆಲ ಹಿಡಿಯುತ್ತದಂತೆ. ಓದಿದವರು ನಗಬಹುದು. ಆದರೆ ಅದನ್ನು ಹೇಳುವಾಗ ಅಜ್ಜಿಯ ಕಣ್ಣಲ್ಲಿ ನೀರಿತ್ತು. ಸತ್ತ ಮಗಳು ಒಮ್ಮೆ ಮನೆಗೆ ಬಂದುಹೋಗಲೆಂಬ ಆಸೆಯೂ ಆ ಭಯದೊಳಗೆ ಸೇರಿಕೊಂಡಿತ್ತೇನೋ. ಅಂಥವರ ಎದುರು ವಾದ ಮಾಡುವುದು ಹೇಗೆ?

ಅಷ್ಟರಲ್ಲೇ ಪದ್ಮಿನಿ ಮಿಸ್ ಮನೆಗೆ ಬಂದರು. ಮೈಸೂರಿನ ನೃತ್ಯಶಾಲೆಯೊಂದು ಭಾನುವಾರ ಮಕ್ಕಳನ್ನು ಆರಿಸುತ್ತದೆ, ನಾಗಶ್ರೀಯನ್ನು ಕಳಿಸಿಕೊಡಿ ಎಂದು ಕೇಳಲು. ಅಪ್ಪ ಪುಟ್ಟಮಲ್ಲಪ್ಪ ಮರ್ಯಾದೆಯಿಂದ ಕುರ್ಚಿ ಹಾಕಿಸಿದರು. ಅಜ್ಜಿ ನೇರವಾಗಿ ಗಾಳಿಯ ವಿಷಯ ಎತ್ತಿದರು.

“ಗಾಳಿಗೀಳಿ ಏನಿಲ್ಲ ಅಜ್ಜಿ. ದಿನಾ ಗುದ್ದಲಿ ಹಿಡಿಯೋರ ಕೈ ಗಟ್ಟಿಯಾಗಲ್ವಾ? ಹಾಗೇ ಇವಳ ಕಾಲು ಪಳಗಿದೆ,” ಎಂದರು ಮಿಸ್. “ನಾಗಶ್ರೀ, ಹಿಮ್ಮಡಿ ಊರು ಪುಟ್ಟಾ.”

ಅವಳು ಊರಿದಳು. ಎರಡು ಪಾದವೂ ಸಗಣಿ ಸಾರಿಸಿದ ನೆಲಕ್ಕೆ ಪೂರ್ತಿ ತಾಗಿದವು. ಇಷ್ಟಾದರೂ ಸಾಕಲ್ಲ ಎಂದು ನನಗೆ ಜೀವ ಬಂದಂತಾಯಿತು.

“ನೀವು ಯೇಳಿದ್ ಕೂಡ್ಲೆ ಇಳೀತದೆ ಅಂದ್ಮೇಲೆ, ಗಾಳೀನ ಬುಟ್ಟೋರು ಯಾರು ಅಂತ ಗೊತ್ತಾಯ್ತು ಬುಡವ್ವ,” ಎಂದರು ಅಜ್ಜಿ.

ಮಿಸ್ ಅಪ್ಪನ ಕಡೆ ನೋಡಿದರು. “ಕಾಫಿ ತಕಳಿ ಮೇಡಮ್ಮು, ಯೋಚ್ನೆ ಮಾಡಿ ಯೇಳ್ತೀನಿ,” ಎಂದರು ಅಪ್ಪ.

ಅವರು ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಅವ್ವ ಶಂಕರಮ್ಮ ಅಪ್ಪನಿಗೆ ಹೇಳುವುದು ಕೇಳಿಸಿತು. “ಡ್ಯಾನ್ಸಂತಲ್ಲ, ಗಾಳಿ ಅಲ್ವಂತಲ್ಲ. ಬುಟ್ಬುಡಿ ಅತ್ಲಾಗೆ.”

“ನಂಗೇನ್ ಕಣ್ಣಿಲ್ವಾ? ಡ್ಯಾನ್ಸೇ ಅಂತ ನಂಗೂ ಗೊತ್ತು.” ಅಪ್ಪ ದನಿ ತಗ್ಗಿಸಿದರು. “ಯಳಂದೂರಿನೋರು ದೊಡ್ಡವಳ್ನ ನೋಡಕೆ ಬತ್ತಾವ್ರೆ. ಏನಂತ ಯೇಳ್ಲಿ? ಗಾಳಿ ಅಂದ್ರೆ ಬಿಡಿಸ್ದೋ, ಓಯ್ತು ಅನ್ಬೋದು. ಮಗಳು ಕುಣೀತಾಳೆ ಅಂದ್ರೆ ಅದ್ನ ಯಾರ್ ತಾವ ಬಿಡಿಸ್ಲಿ? ಒಂದ್ಸಲ ಬರೆ ಬಿದ್ರೆ ಗಾಳಿನೂ ಓಯ್ತದೆ, ಕುಣಿತಾನೂ ಓಯ್ತದೆ.”

ನಾನು ಬಾಗಿಲವರೆಗೂ ಬಂದೆ.

“ಏನ್ ಕೂಸೆ?” ಎಂದರು.

“ಮುದ್ದೆ ಆಯ್ತು,” ಎಂದೆ.

ಗಾಳಿ ಬಿಡಿಸಲು ಶಾಗ್ಯದ ಕಡೆಯಿಂದ ಬಂದ ಗುರುಮಲ್ಲಪ್ಪ ಕ್ರೂರಿಯಂತೇನೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡ ಸಾಧು ಮನುಷ್ಯ, ನಮ್ಮ ಮಜ್ಜಿಗೆಯನ್ನು ಹೊಗಳಿ ಕುಡಿದರು. ಬೆಳಗಿನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ನಡುಮನೆಯಲ್ಲಿ ನಾಗಶ್ರೀಯನ್ನು ಬೋರಲು ಮಲಗಿಸಿದರು. ಅವ್ವ ತೋಳು ಹಿಡಿದರು, ಅಪ್ಪ ಕಾಲು. ಕೆಂಡ ತರಲು ನನಗೆ ಹೇಳಿದರು. ತಂದುಕೊಟ್ಟೆ. ಕುಡುಗೋಲಿನ ತುದಿ ಕೆಂಪಾಗುವವರೆಗೂ ಗುರುಮಲ್ಲಪ್ಪ ಅಪ್ಪನೊಡನೆ ಫ್ಯಾಕ್ಟರಿ ಕಬ್ಬು ಕಡಿಸುವುದು ತಡವಾದ ಮಾತಾಡುತ್ತಿದ್ದರು.

ನಾಗಶ್ರೀ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. “ಯೇಳಕ್ಕ,” ಎಂದಳು. “ನೀನಾದ್ರೂ ಯೇಳು.”

ನಾನು ಕೆಂಡದ ಮೇಲಿನ ಬೂದಿ ಊದುತ್ತಾ ಕೂತೆ. ಮೊದಲು ಬಲಗಾಲು, ಆಮೇಲೆ ಎಡಗಾಲು. ಹಿಮ್ಮಡಿಯ ಮೇಲಿನ ಆ ಬಿಗಿದ ಹುರಿ ಇದೆಯಲ್ಲ, ಅವಳು ಮೇಲೇಳುವಾಗ ವೀಣೆಯ ತಂತಿಯ ಹಾಗೆ ನೆಟ್ಟಗಾಗುತ್ತಿತ್ತಲ್ಲ, ಅಲ್ಲಿಗೇ ಬರೆ ಇಟ್ಟರು.

ಗಾಯವಾದ ಮೇಲೆ ಅವಳು ಹಿಮ್ಮಡಿ ಊರುವುದಾದರೂ ಹೇಗೆ? ಗೋಡೆ ಹಿಡಿದು ಬೆರಳುಗಳ ಮೇಲೆಯೇ ಬಚ್ಚಲಿಗೆ ಹೋಗುತ್ತಿದ್ದಳು. ಅಜ್ಜಿ ಅದನ್ನು ನೋಡಿ ತಲೆಯಾಡಿಸಿದರು. “ಇನ್ನೂ ಓಗಿಲ್ಲ. ನೋಡು, ಮೊದ್ಲಿಗಿಂತ ಎತ್ತಿ ನಡೀತವಳೆ. ಬರೋ ಅಮಾಸೆಗೆ ಇನ್ನೊಂದ್ಸಲ ಎಳೆಸ್ಬೇಕು.”

“ಗಾಯಕ್ಕೆ ಊರಕ್ಕಾಗ್ದೆ ಹಂಗೆ ನಡೀತಾಳೆ ಅವ್ವ,” ಎಂದು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದೆ.

“ಸುಮ್ಕಿರು. ನಿನ್ ಮದ್ವೆ ಆಗೋಗ್ಲಿ,” ಎಂದರು. ಅವರ ಕಣ್ಣು ಊದಿತ್ತು.

ಮೈಸೂರಿನ ಭಾನುವಾರ ಹೀಗೇ ಕಳೆಯಿತು. ಅಂದೇ ಯಳಂದೂರಿನವರು ಬಂದರು. ಹುಡುಗ ಶಿವಕುಮಾರಸ್ವಾಮಿ, ತಾಲ್ಲೂಕು ಕಚೇರಿಯಲ್ಲಿ ಕೆಲಸ. ನಾನು ಕಾಫಿ ಕೊಟ್ಟೆ. ಚಿಕ್ಕವಳೆಲ್ಲಿ ಎಂದು ಅವರ ತಾಯಿ ಕೇಳಿದರೆ, ನೆಂಟರ ಮನೆಗೆ ಹೋಗಿದ್ದಾಳೆ ಎಂದರು ಅಪ್ಪ. ಹೊರಗಿನಿಂದ ಚಿಲಕ ಹಾಕಿದ ಹಿಂದಿನ ಕೋಣೆಯಲ್ಲಿ ನಾಗಶ್ರೀ ಹೊದಿಕೆಯ ಅಂಚು ಕಚ್ಚಿಕೊಂಡು ನರಳುತ್ತಿದ್ದಳು. ಗಂಡಿನವರು ಒಪ್ಪಿಗೆ ಹೇಳಿ ಹೊರಟರು. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ನಗು ಕಂಡಿತು. ನನ್ನ ಮದುವೆಯ ದಾರಿ ಸಲೀಸು ಮಾಡಲೆಂದೇ ಅವಳ ಕಾಲು ಸುಟ್ಟರಲ್ಲ ಎಂದು ಕೋಣೆಯ ಚಿಲಕ ತೆಗೆಯುವಾಗ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲು ಅಲ್ಲಿ ಯಾರೂ ಇರಲಿಲ್ಲ, ಅವಳ ಹೊರತು. ಅವಳಿಗೆ ಹೇಳುವ ಮುಖ ನನಗಿರಲಿಲ್ಲ.

ಜ್ವರ ಏರಿ, ಬಲಗಾಲು ಮೊಣಕಾಲವರೆಗೆ ಊದಿ, ಅವಳು ಏನೇನೋ ಬಡಬಡಿಸತೊಡಗಿದ ಮೇಲೆ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಯದ ಬಟ್ಟೆ ಬಿಚ್ಚಿ ನೋಡಿದ ಡಾಕ್ಟರಮ್ಮ ಇನ್ನೊಂದು ಕಾಲನ್ನೂ ತಿರುಗಿಸಿ ನೋಡಿದರು.

“ಕೀವು ಆಳಕ್ಕೆ ಇಳಿದಿದೆ. ಆಪರೇಷನ್ ಮಾಡಬೇಕು. ನಡೆಯೋ ಹಾಗಾದರೆ ಅದೇ ದೊಡ್ಡದು,” ಎಂದರು.

ನಾಗಶ್ರೀ ಗೋಡೆಯ ಕಡೆ ತಿರುಗಿಕೊಂಡಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಏನಾಯ್ತು ಇದು?” ಎಂದು ಡಾಕ್ಟರಮ್ಮ ಕೇಳಿದರು.

“ಕಬ್ಬಿನ ತರಗಿಗೆ ಬೆಂಕಿ ಹಾಕಿದ್ವಿ ಮೇಡಮ್ಮು,” ಎಂದರು ಅಪ್ಪ. “ಗೊತ್ತಿಲ್ದೆ ತುಳ್ದುಬಿಟ್ಳು.”

“ತುಳಿದರೆ ಅಂಗಾಲು ಸುಡುತ್ತೆ. ಇದು ಹಿಂದೆ, ಎರಡೂ ಕಾಲಿಗೆ ಒಂದೇ ಥರ ಇದೆ.”

“ಬಿದ್ಲು ಅಂತ ಕಾಣ್ತದೆ.”

ವಾರ್ಡಿನ ಬಾಗಿಲಲ್ಲಿ ಶಿವಕುಮಾರಸ್ವಾಮಿ ಹಣ್ಣಿನ ಚೀಲ ಹಿಡಿದು ನಿಂತಿದ್ದರು, ಸುದ್ದಿ ತಿಳಿದು ನೋಡಲು ಬಂದವರು. ಅವ್ವ ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಬೆಂಚಿನ ಮೇಲೆ ಕೂತ ಅಜ್ಜಿ ತಮ್ಮಷ್ಟಕ್ಕೆ ಗೊಣಗುತ್ತಿದ್ದರು: “ಅಮಾಸೆ ಒಳಗೆ ಮನೆಗೆ ಕಳಿಸ್ತಾರೋ ಇಲ್ವೋ.”

ಡಾಕ್ಟರಮ್ಮ ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೀನು ಅಕ್ಕ ಅಲ್ವಾ? ನೀನು ಹೇಳಮ್ಮ.”

ಅವ್ವನ ಕೈ ಬಿಡಿಸಿಕೊಂಡೆ.

“ಇವಳಿಗೆ ಗಾಳಿ ಸೋಕಿರಲಿಲ್ಲ, ಡ್ಯಾನ್ಸ್ ಕಲೀತಿದ್ದಳು,” ಎಂದೆ. “ಅದು ಗೊತ್ತಿದ್ದೇ ನಮ್ಮಪ್ಪ ಇವಳ ಕಾಲು ಸುಡಿಸಿದರು.”