ಅಂಚಿನ ಪೇಪರು

ಒಂದು ಎಕರೆ ಟೊಮೆಟೊಗೆ ಮಲ್ಚಿಂಗ್ ಪೇಪರ್, ಅಂದರೆ ಕಳೆ ಏಳದಂತೆ ಸಾಲಿಗೆ ಹೊದಿಸುವ ಕರಿ ಪ್ಲಾಸ್ಟಿಕ್ ಹಾಳೆ, ಹಾಸಲು ಆರು ಸುರುಳಿ ಬೇಕು. ಸುರುಳಿಗೆ ಎರಡು ಸಾವಿರದ ಇನ್ನೂರು. ಬೆಳೆ ಮುಗಿದ ಮೇಲೆ ಅದನ್ನು ತೆಗೆಯಲು ಹೊಲದವರು ಕೊಡುವುದು ಆರು ಸಾವಿರ, ಒಟ್ಟು ಗುತ್ತಿಗೆ. ನಾವು ಎಂಟು ಜನ ಹೆಂಗಸರು. ದಿನಕ್ಕೆ ಮುನ್ನೂರೈವತ್ತರಂತೆ ಎರಡು ದಿನಕ್ಕೆ ಐದು ಸಾವಿರದ ಆರುನೂರು. ಕೌದಳ್ಳಿಯಿಂದ ಅಜ್ಜೀಪುರಕ್ಕೆ ಹೋಗಿಬರುವ ಗೂಡ್ಸ್ ಆಟೋಗೆ ನಾನೂರು. ಅಲ್ಲಿಗೆ ದುಡ್ಡು ಮುಗಿಯಿತು. ಮೂರನೆಯ ದಿನವೂ ದುಡಿದರೆ ಅದು ಬಿಟ್ಟಿ.

ತೊಂದರೆ ಇರುವುದು ಅಂಚಿನಲ್ಲಿ. ಗಾಳಿಗೆ ಏಳದಿರಲೆಂದು ಪೇಪರಿನ ಎರಡೂ ಅಂಚನ್ನು ಗೇಣು ಆಳಕ್ಕೆ ಮಣ್ಣಲ್ಲಿ ಹೂತಿರುತ್ತಾರೆ. ಮೇಲಿನ ಪೇಪರು ಬಿಸಿಲಿಗೆ ಬೆಂದು ಹಪ್ಪಳವಾಗಿರುತ್ತದೆ. ಎಳೆದರೆ ಹರಿಯುತ್ತದೆಯೇ ಹೊರತು ಅಂಚು ಮೇಲೆ ಬರುವುದಿಲ್ಲ. ಗುದ್ದಲಿ ಹಿಡಿದು ಅಂಚನ್ನೂ ಬಿಡಿಸಬೇಕೆಂದರೆ ನಾಲ್ಕು ದಿನ ಬೇಕು.

ಅಜ್ಜೀಪುರದ ಶಿವನಂಜಯ್ಯನವರ ಹೊಲದಲ್ಲಿ ಮೂರು ವರ್ಷ ಪೇಪರು ತೆಗೆದವರು ನಾವೇ. ಗುಂಪಿನ ಮೇಸ್ತ್ರಿ ನಾನು. ಮೊದಲ ವರ್ಷವೇ ದೊಡ್ಡಮಾದಮ್ಮ ಕೇಳಿದ್ದಳು.

"ಅಂಚ್ನ ಏನ್ ಮಾಡದಮ್ಮಿ ರಾಚಮ್ಮ?"

"ಕುಡ್ಲು ತಕಂಡು ಮಣ್ ಮಟ್ಟಕ್ಕೆ ಕುಯ್ಕಂಡು ಬಾ. ಮೇಲೆ ಒಸಿ ಮಣ್ ಎಳ್ದುಬುಡು."

"ಅಯ್ಯನೋರು ನೋಡ್ಬುಟ್ರೆ?"

"ಅಯ್ಯನೋರು ಬದಿನ್ ಮೇಲೆ ನಿಂತ್ಕಂಡು ನೋಡೋರು ಕಣಮ್ಮಿ. ಬಗ್ಗಿ ನೋಡಕ್ಕೆ ಒಟ್ಟೆ ಬುಡ್ಬೇಕಲ್ಲ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ದಿನ ಸಂಜೆ ನಾಲ್ಕಕ್ಕೆಲ್ಲ ಹೊಲ ಗುಡಿಸಿದ ಅಂಗಳದಂತಿತ್ತು. "ಕೆಲ್ಸ ಅಂದ್ರೆ ಇದು" ಎಂದು ಶಿವನಂಜಯ್ಯನವರು ನೋಟು ಎಣಿಸಿ ಕೊಟ್ಟರು. ವಾರದ ಮೇಲೆ ಟ್ರ್ಯಾಕ್ಟರ್ ಬಂದು ರೋಟವೇಟರ್ ಹೊಡೆಯಿತು. ಒಳಗಿದ್ದ ಅಂಚೆಲ್ಲ ಚೂರಾಗಿ ಮಣ್ಣಲ್ಲಿ ಬೆರೆಯಿತು. ಮುಂದಿನ ಎರಡು ವರ್ಷವೂ ಹಾಗೆಯೇ ಮಾಡಿದೆವು. ಆಗ ಯಾರೂ ಕೇಳಲೂ ಇಲ್ಲ, ನಗಲೂ ಇಲ್ಲ.

ನಾಲ್ಕನೆಯ ವರ್ಷ ಅವರ ಸೊಸೆ ಪದ್ಮಿನಿ, ಆ ಎಕರೆ ತನಗೆ ಬಿಡಿ, ಹಿಪ್ಪುನೇರಳೆ ಇಡುತ್ತೇನೆ ಎಂದು ಕೇಳಿದಳು. ಅವಳ ತವರು ಯಳಂದೂರಿನ ಪಕ್ಕದ ಅಗರ. ರೇಷ್ಮೆಹುಳು ಸಾಕಿದ ಮನೆ. ಮಾವ ಅರೆಮನಸ್ಸಿನಿಂದ ಒಪ್ಪಿದರು. ಅವಳು ತವರಿನಿಂದ ಕಡ್ಡಿ ತಂದು, ಹಿತ್ತಲಲ್ಲಿ ಸಸಿ ಮಾಡಿ, ನೆಡುವ ದಿನ ನನಗೆ ಹೇಳಿಕಳಿಸಿದಳು. ನಮ್ಮ ಕಡೆ ಮೊದಲ ಸಸಿಯನ್ನು ಕೈಗುಣ ಇರುವವರಿಂದ ನೆಡಿಸುತ್ತಾರೆ. ನನ್ನ ಕೈಗುಣ ಒಳ್ಳೆಯದೆಂದು ನಾಲ್ಕು ಊರಲ್ಲಿ ಹೆಸರಿತ್ತು.

ಗುಣಿಯೊಳಗೆ ಕೈ ಹಾಕಿದೆ. ಬೆರಳಿಗೆ ಪೇಪರು ಸಿಕ್ಕಿಕೊಂಡಿತು. ಒಂದಲ್ಲ, ಪದರ ಪದರವಾಗಿ. ಪದ್ಮಿನಿ ಅರಿಸಿನ ಕುಂಕುಮದ ತಟ್ಟೆ ಹಿಡಿದು ಎದುರಿಗೇ ಕೂತಿದ್ದಳು. ಎಳೆದರೆ ಅವಳಿಗೆ ಕಾಣುತ್ತದೆ. ನಾನು ಅದನ್ನು ಪಕ್ಕಕ್ಕೆ ಒತ್ತಿ, ಸಸಿ ಇಟ್ಟು, ಮಣ್ಣು ಎಳೆದು, ಎರಡೂ ಅಂಗೈಯಿಂದ ಅದುಮಿದೆ. ಅವಳು ನನ್ನ ಮಡಿಲಿಗೆ ಎಲೆ ಅಡಿಕೆ ಹಾಕಿ ಕಾಲು ಮುಟ್ಟಿದಳು. ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ಮಾನವೂ ನನಗೆ ಆಗ ಇರಲಿಲ್ಲ.

ಐದು ತಿಂಗಳಾದರೂ ಗಿಡ ಮೊಣಕಾಲು ದಾಟಲಿಲ್ಲ. ಎಲೆ ಹಳದಿಗಟ್ಟಿತು. ಆದರೆ ಹೊಲಕ್ಕಾಗಿ ಮಿಕ್ಕಿದ ಇಪ್ಪತ್ತು ಸಸಿಯನ್ನು ಪದ್ಮಿನಿ ಹಿತ್ತಲಲ್ಲೇ ನೆಟ್ಟಿದ್ದಳು, ಅವು ಎದೆಯುದ್ದ ಬಂದವು. ಅದೇ ಕಡ್ಡಿ, ಅದೇ ಕೈ, ಅದೇ ಬೋರಿನ ನೀರು. ಮಾವ ಮಾತ್ರ ಹೋಗಿ ಬರುವವರ ಮುಂದೆಲ್ಲ, "ರಾಚಮ್ಮ ನೆಟ್ಟಿದ್ದು ಒಂದೇ ಸಸಿ, ಮಿಕ್ಕಿದ್ದು ನಮ್ ಸೊಸೆ ಕೈಗುಣ" ಎಂದು ಆಡಿಕೊಂಡರು. ಅಮಾವಾಸ್ಯೆ ಕಳೆಯಲಿ, ಗಿಡ ಕಿತ್ತು ಹೊಲವನ್ನು ಟೊಮೆಟೊದವರಿಗೆ ಗುತ್ತಿಗೆಗೆ ಕೊಡುತ್ತೇನೆ ಎಂದರು.

ಪದ್ಮಿನಿ ನನ್ನ ಮನೆಗೇ ಬಂದಳು. ಕೈಲಿ ಮಣ್ಣು ಸಮೇತ ಕಿತ್ತ ಎರಡು ಗಿಡ, ಒಂದು ಹೊಲದ್ದು, ಒಂದು ಹಿತ್ತಲದ್ದು.

"ಕೊಳ್ಳೇಗಾಲಕ್ಕೆ ತಕಂಡ್ ಓಗಿ ತೋರುಸ್ಬೇಕು ರಾಚಕ್ಕ. ನೀವೂ ಬನ್ನಿ. ನಾನ್ ಏಳುದ್ರೆ ಮಾವ ನಂಬಲ್ಲ. ನೀವ್ ಏಳುದ್ರೆ ನಂಬ್ತಾರೆ."

ಸೀರೆ ಬದಲಿಸಿ ಅವಳ ಜೊತೆ ಬಸ್ಸು ಹತ್ತಿದೆ.

ಕೊಳ್ಳೇಗಾಲದಲ್ಲಿ ರೇಷ್ಮೆ ಇಲಾಖೆಯ ಮೇಡಂ ರೂಪ ಎಂಬುವವರು ಬೇರು ತೊಳೆದು, ಬಿಸಿ ಮಾಡಿ, ನೀಲಿ ಬಣ್ಣ ಹಾಕಿ, ಊಟ ಮುಗಿಸಿ ಬನ್ನಿ ಎಂದರು. ಬಂದ ಮೇಲೆ, ಸಣ್ಣದನ್ನು ದೊಡ್ಡದಾಗಿ ತೋರುವ ಯಂತ್ರದ ಕಣ್ಣಿನಲ್ಲಿ ನೋಡಿಸಿದರು. ಹಿತ್ತಲ ಗಿಡದ ಬೇರಿನೊಳಗೆ ನೀಲಿ ನೂಲು ಹಬ್ಬಿತ್ತು, ಅಲ್ಲಲ್ಲಿ ಮಣಿ ಪೋಣಿಸಿದ ಹಾಗೆ. ಹೊಲದ್ದರಲ್ಲಿ ಎಲ್ಲೋ ಒಂದೆರಡು ಎಳೆ.

"ಇದು ಬೇರಿನ ಜೊತೆ ಬಾಳೋ ಶಿಲೀಂಧ್ರ, ಬೂಷ್ಟಿನ ಜಾತಿ" ಎಂದರು ಮೇಡಂ. "ಬೇರು ಮುಟ್ಟದ ಕಡೆಗೆ ಇದು ಹೋಗಿ ನೀರು, ಸಾರ ತಂದುಕೊಡುತ್ತೆ. ಗಿಡ ಇದಕ್ಕೆ ಸಕ್ಕರೆ ಕೊಡುತ್ತೆ."

"ಮುಯ್ಯಾಳ್ ಇದ್ದಂಗೆ" ಎಂದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

"ಸರಿಯಾಗಿ ಹೇಳಿದ್ರಿ." ಅವರು ಹೊಲದ ಗಿಡದ ಮಣ್ಣನ್ನು ಜರಡಿಗೆ ಹಾಕಿ ಅಲುಗಿಸಿದರು. ಹಿಡಿಯಷ್ಟು ಕಪ್ಪು ಚೂರು ಮೇಲೆ ನಿಂತಿತು. "ಇಷ್ಟು ಪ್ಲಾಸ್ಟಿಕ್ ಬೆರೆತ ಮಣ್ಣಲ್ಲಿ ಈ ಎಳೆ ಕಮ್ಮಿ ಆಗಬಹುದು. ಇದೊಂದೇ ಕಾರಣ ಅಂತ ಬರೆದುಕೊಡೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಪೇಪರ್ ತೆಗೆಸಲಿಲ್ವಾ ನೀವು?"

"ತೆಗ್ಸಿದ್ವಲ್ಲ ಮೇಡಂ" ಎಂದಳು ಪದ್ಮಿನಿ. "ಈ ಅಕ್ಕನೇ ತೆಗ್ದದ್ದು. ಇವರು ಒಂದ್ ಚೂರೂ ಬುಡಲ್ಲ. ಅದ್ಕಿಂತ ಇಂದೆ ಯಾರೋ ಬುಟ್ಟಿರ್ಬೇಕು."

ಮೇಡಂ ನನ್ನ ಮುಖ ನೋಡಿದರು. ನಾನು ಜರಡಿ ನೋಡಿದೆ.

ಬಸ್ಸಿನಲ್ಲಿ ಹನೂರು ದಾಟುವವರೆಗೂ ಅವಳು ಮಾತಾಡಿದಳು. ನಾನು ಹ್ಞೂಂ ಎಂದೆ. ಅವಳ ಮನೆ ಮುಟ್ಟಿದಾಗ ಶಿವನಂಜಯ್ಯನವರು ಜಗಲಿಯ ಮೇಲಿದ್ದರು.

"ಏನವ್ವಾ, ಕೈಗುಣಕ್ಕೆ ಔಸ್ದಿ ಕೊಟ್ರಾ?" ಎಂದರು ಸೊಸೆಗೆ.

ಅವಳು ತಲೆ ತಗ್ಗಿಸಿದಳು. ಅಲ್ಲಿಗೆ ನನ್ನ ಕೈಲಿ ಆಗಲಿಲ್ಲ.

"ಕೈಗುಣ ನಂದು ಅಯ್ಯನೋರೇ. ಅಂಚಿನ ಪೇಪರು ನಾವು ತೆಗೀಲೇ ಇಲ್ಲ. ಮೇಲ್ಗಡೆ ಕುಯ್ದು ಮಣ್ ಮುಚ್ಚಿದ್ವಿ."

"ಯಾವ್ ವರ್ಸ?"

"ಮೂರೂ ವರ್ಸ."

ಅವರು ಬೈಯಲಿಲ್ಲ. ಜಗಲಿಯ ಮೇಲಿದ್ದ ಎಲೆ ಅಡಿಕೆ ತಟ್ಟೆಯನ್ನು ನನ್ನ ಕಡೆಯಿಂದ ತಮ್ಮತ್ತ ಎಳೆದುಕೊಂಡರು, ಅಷ್ಟೆ.

ಪದ್ಮಿನಿ ಕೇಳಿದಳು, "ಸಸಿ ನೆಡೋವಾಗ ಗೊತ್ತಿತ್ತಾ ರಾಚಕ್ಕ?"

ಗೊತ್ತಿರಲಿಲ್ಲ ಎಂದಿದ್ದರೆ ನಂಬುತ್ತಿದ್ದಳು.

"ಗೊತ್ತಿತ್ತು ಕಣವ್ವ."

ಅವಳು ಒಳಗೆ ಹೋದಳು. ಗಿಡ ಕೀಳಬೇಡಿ, ಸಾಲಿನ ನಡುವೆ ಬಗೆದು ಸಿಕ್ಕಷ್ಟು ತೆಗೆದುಕೊಡುತ್ತೇವೆ, ಕೂಲಿ ಬೇಡ ಎಂದು ನಾನು ಅಯ್ಯನವರನ್ನು ಕೇಳಿಕೊಂಡೆ. "ಒಂದ್ ವರ್ಸ" ಎಂದರು ಅವರು, ನನ್ನ ಕಡೆ ನೋಡದೆ.

ಗುಂಪಿನವರಿಗೆ ಹೇಳಿದಾಗ ರಾಣಿ ಎದ್ದು ನಿಂತಳು. "ಕುಯ್ಯಿ ಅಂದೋಳೂ ನೀನೇ, ಬಾಯ್ಬುಟ್ಟೋಳೂ ನೀನೇ. ನಮ್ ಮಾನ ಯಾಕಮ್ಮಿ ಕಳೀತೀಯ?" ಅವಳ ಮಾತು ತಪ್ಪಲ್ಲ. ಮೂವರನ್ನು ಕರೆದುಕೊಂಡು ಬೇರೆ ಮೇಸ್ತ್ರಿಯ ಹತ್ತಿರ ಹೋದಳು. ದೊಡ್ಡಮಾದಮ್ಮನೂ ಇನ್ನಿಬ್ಬರೂ ನನ್ನ ಜೊತೆ ಉಳಿದರು.

ಒಂಬತ್ತು ದಿನ ಬಗೆದೆವು. ಪದ್ಮಿನಿ ದಿನವೂ ನೀರು ತಂದು ಬದುವಿನ ಮೇಲೆ ಇಟ್ಟು ಹೋಗುತ್ತಿದ್ದಳು, ಮಾತಿಲ್ಲ. ಆಮೇಲೆ ಮೇಡಂ ಹೇಳಿದಂತೆ, ಬೇರಿನ ಆ ನೂಲು ಇಲ್ಲೂ ಹಬ್ಬಲೆಂದು, ಹಿತ್ತಲ ಗಿಡದ ಬುಡದ ಮಣ್ಣನ್ನು ಹೊಲದ ಗಿಡಗಳಿಗೆ ಹಿಡಿಹಿಡಿಯಾಗಿ ಹಾಕಿದಳು.

ಹನ್ನೊಂದು ಚೀಲ ಪೇಪರು ಸಿಕ್ಕಿತು. ಮೂರರಲ್ಲಿ ಒಂದು ಪಾಲು ಗಿಡ ಸತ್ತಿತು. ಪದ್ಮಿನಿಗೆ ಒಂದು ವರ್ಷ ಸಿಕ್ಕಿತು. ನನ್ನ ಗುಂಪು ಅರ್ಧವಾಯಿತು. ಉಗುರಿಗಿಂತ ಸಣ್ಣ ಚೂರುಗಳನ್ನು ತೆಗೆಯಲು ಆಗಲಿಲ್ಲ. ಅವು ಮಣ್ಣಲ್ಲೇ ಇವೆ.