ಮುಟ್ಟುವ ಮುನ್ನ ಫೋಟೊ

ಬಾಗಿಲು ತೆರೆದ ಕೂಡಲೇ ಫಿನಾಯಿಲಕ್ಕ ತೋಳಿನಿಂದ ಮೂಗು ಮುಚ್ಚಿಕೊಂಡಳು. ಥೂ! ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವಳು, ಕಾಣದ ಹೊಲಸಿಲ್ಲ. ಆ ಅಡ್ಡಹೆಸರು ತಂಗಿಯ ಗಂಡ ಇಟ್ಟದ್ದು, ಅವಳಿಗೇನೂ ಬೇಸರವಿರಲಿಲ್ಲ. ನಿವೃತ್ತಿಯ ಗಂಟನ್ನೆಲ್ಲ ಸುರಿದು ಕೊಂಡ ಈ ಪುಟ್ಟ ಮನೆಗೆ ಒಂದು ಕಂಪನಿ ಎರಡು ಮೂರು ದಿನದ ಅತಿಥಿಗಳನ್ನು ಕಳಿಸುತ್ತಿತ್ತು. ಅವಳ ಹೊಟ್ಟೆ ಹೊರೆಯುತ್ತಿದ್ದದ್ದು ಅದೇ.

ಸೋಫಾದ ಮೇಲೆ ಯಾರೋ ವಾಂತಿ ಮಾಡಿ, ಮೇಲೆ ಅವಳದೇ ಟವೆಲ್ ಹೊದಿಸಿ ಹೋಗಿದ್ದರು. ಎಂಥ ಮರ್ಯಾದೆ! ಬಚ್ಚಲ ಸಿಂಕಿನಲ್ಲಿ ಸಿಗರೇಟು ತುಂಡು, ಕೂದಲು, ಒಂದು ಮೀನಿನ ತಲೆ. ಮೀನಿನ ತಲೆಗೆ ಬಚ್ಚಲಲ್ಲೇನು ಕೆಲಸ? ಫ್ರಿಜ್ಜಿನ ಬಾಗಿಲ ತುಂಬ ಸಾಸ್ ಬಳಿದಿತ್ತು.

"ಮನುಷ್ಯರಾ ಇವರು!" ಎಂದು ಒಬ್ಬಳೇ ಬೈಯುತ್ತ ಅವಳು ಬಕೆಟ್ ಎತ್ತಿದಳು. ಹೊಲಸು ಕಂಡರೆ ಅವಳ ಕೈ ತಲೆಯ ಮಾತು ಕೇಳುವುದಿಲ್ಲ. ಎರಡು ಗಂಟೆ ತಿಕ್ಕಿದಳು, ತೊಳೆದಳು, ಸೋಫಾಕ್ಕೆ ಬ್ಲೀಚ್ ಸುರಿದು ಉಜ್ಜಿದಳು. ಕಸದ ಗಾಡಿ ಬಂದಾಗ ಟವೆಲನ್ನೂ ಮೀನಿನ ತಲೆಯನ್ನೂ ಅದಕ್ಕೇ ಹಾಕಿದಳು. ಮನೆ ಫಳಫಳ ಹೊಳೆಯಿತು. ಸೋಫಾದ ನೀಲಿ ಬಣ್ಣ ಮಾತ್ರ ಅಂಗೈಯಗಲ ಬೆಳ್ಳಗಾಗಿತ್ತು.

ತಂಗಿ ಬಂದವಳೇ ಕೇಳಿದಳು: "ಫೋಟೊ ತೆಗೆದ್ಯಾ ಅಕ್ಕಾ?"

ಫಿನಾಯಿಲಕ್ಕ ಕೈಯಲ್ಲಿದ್ದ ಒರೆಸುಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

"ಅಯ್ಯೋ ನಿನ್ನ!" ತಂಗಿ ಹಣೆ ಚಚ್ಚಿಕೊಂಡಳು. "ಅವರು ಮಾಡಿದ ಗಲೀಜು ಕಾಣ್ಬೇಕು, ಇಲ್ಲಾಂದ್ರೆ ಕಂಪನಿ ನಮ್ಮನ್ನ ನಂಬಲ್ಲ ಅಂತ ಎಷ್ಟು ಸಲ ಹೇಳಿದ್ದೆ!"

ಮರುದಿನ ಬೆಳಿಗ್ಗೆ ಕಂಪನಿಯವನು ಬಂದ. ಅತಿಥಿಗಳು ಮೊದಲೇ ದೂರು ಬರೆದಿದ್ದರು: ತಾವು ಬರುವಾಗಲೇ ಸೋಫಾ ಹಾಳಾಗಿತ್ತಂತೆ, ಮನೆಯೆಲ್ಲ ಆಸ್ಪತ್ರೆ ವಾಸನೆಯಂತೆ. ದೂರು ಸುಳ್ಳೆಂದು ತೋರಿಸಲಾಗದಿದ್ದರೆ ಮನೆ ಕಂಪನಿಯ ಪಟ್ಟಿಯಿಂದ ಹೊರಗೆ. ಅವನು ಗಾಳಿಯನ್ನು ಮೂಸಿ, ಬಿಳಿ ಕಲೆಯತ್ತ ಬೆರಳು ತೋರಿಸಿದ.

"ಬ್ಲೀಚ್ ಯಾರು ಸುರಿದದ್ದು ಅಮ್ಮಾ?"

ತಂಗಿ ಮೇಜಿನ ಕೆಳಗೆ ಅಕ್ಕನ ಕಾಲು ತುಳಿದಳು. 'ಅವರೇ' ಎಂದರೆ ಸಾಕಿತ್ತು. ಆದರೆ ಟವೆಲ್ ಹೊದಿಸಿ ಹೋದವರ ಬಾಯಲ್ಲಿ ಬಂದಂಥದೇ ಸುಳ್ಳು ತನ್ನ ಬಾಯಲ್ಲೂ ಬರುವುದು ಫಿನಾಯಿಲಕ್ಕನಿಗೆ ಬೇಡವಾಗಿತ್ತು.

"ನಾನೇ," ಎಂದಳು. "ವಾಂತಿ ಮೇಲೆ ಸುರಿದೆ."

"ವಾಂತಿ ಫೋಟೊ?"

"ಇಲ್ಲ."

ಅವನು ಏನೋ ಬರೆದುಕೊಂಡು, ನೀರು ಕುಡಿಯಲು ಅಡುಗೆಮನೆಗೆ ಹೋದ. ಫ್ರಿಜ್ಜಿನ ಬಾಗಿಲ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಒಂದು ಹಾಳೆ ಅಂಟಿಸಿತ್ತು. ದಪ್ಪ ಅಕ್ಷರಗಳನ್ನು ಗಟ್ಟಿಯಾಗಿ ಓದಿದ: "ಅತಿಥಿ ಹೋದ ಮೇಲೆ, ಏನನ್ನೂ ಮುಟ್ಟುವ ಮುನ್ನ ಫೋಟೊ." ಆಮೇಲೆ ಕೇಳಿದ: "ಯಾರು ಬರೆದದ್ದು ಇದು?"

"ನಾನೇ ಕಣಪ್ಪಾ."

"ಕಣ್ಣಿಗೆ ಬೀಳಲಿಲ್ವಾ?"

"ಬಿತ್ತು," ಎಂದಳು ಫಿನಾಯಿಲಕ್ಕ. "ಅದರ ಮೇಲೂ ಸಾಸ್ ಮೆತ್ತಿದ್ರು. ಮೊದಲು ಒರೆಸಿದ್ದೇ ಅದನ್ನ."