ತಟ್ಟೆಯ ಸುತ್ತ ಜೋಳದ ಸಾರಾಯಿ

೧೯೮೬ರ ಒಂದು ಶನಿವಾರ ಮಧ್ಯಾಹ್ನ ಮೌಂಟನ್ ವ್ಯೂ ಊರಿನ ಚೀನೀ ಹೋಟೆಲಿನಲ್ಲಿ ಆನಂದತೀರ್ಥನ ಹಣೆಬರಹ ಹೆಬ್ಬೆರಳುದ್ದದ ಬಟ್ಟಲಿಗೆ ಬಂದು ನಿಂತಿತ್ತು. ಎದುರಿಗೆ ಕೂತಿದ್ದವನು ತೈವಾನಿನ ಕಾರ್ಖಾನೆಯ ಮುದುಕ ಯಜಮಾನ ಹುವಾಂಗ್. ಅವನು ತಯಾರಿಸಿಕೊಡಲು ಒಪ್ಪಿದರೆ ಆನಂದತೀರ್ಥನ ಕಂಪ್ಯೂಟರ್ ಚಿಪ್ಪಿನ ಪ್ರಾಜೆಕ್ಟು ಉಳಿಯುತ್ತದೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ, ಗಂಟುಮೂಟೆ ಕಟ್ಟುವುದೊಂದೇ ಬಾಕಿ. ಕೊಟ್ಟದ್ದನ್ನು ಒಂದೇ ಗುಟುಕಿಗೆ ಕುಡಿದು ಬಟ್ಟಲು ಮಗುಚಿ ತೋರಿಸಬೇಕು ಎಂದು ಬಾಸು ಲಿಯು ಕಾರಿನಲ್ಲೇ ಎಚ್ಚರಿಸಿದ್ದ. ಈರುಳ್ಳಿಯೂ ನುಸುಳದ ವಿಜಾಪುರದ ಮಾಧ್ವರ ಮನೆಯಲ್ಲಿ ಬೆಳೆದವನಿಗೆ ಎಂಥ ಫಜೀತಿ ನೋಡಿ.

ಹುವಾಂಗ್ ಬಾಟಲಿಯನ್ನು ಕೂಸಿನಂತೆ ಎತ್ತಿ ಪರಿಚಯಿಸಿದ. ಹೆಸರು ಕಾವೊಲ್ಯಾಂಗ್. ಜೋಳವನ್ನು ಬೇಯಿಸಿ, ಹುಳಿಬರಿಸಿ, ಆವಿ ಹಿಡಿದು ಇಳಿಸಿದ್ದು. ನೋಡಲು ನೀರು, ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತದೆ. ಜೋಳವೆಂದದ್ದೇ ಆನಂದತೀರ್ಥನ ಸಂಕಟ ಹೆಚ್ಚಿತು. ರೊಟ್ಟಿಯಾಗಿ ಸಾಕಿದ್ದೇ ಇಲ್ಲಿ ಶತ್ರುವಾಗಿ ಕೂತಿತ್ತು.

ಅನ್ನ ಬಂತು, ಬಟ್ಟಲು ತುಂಬಿತು, ಎಲ್ಲರ ಕಣ್ಣೂ ಇವನ ಮೇಲೆ ನೆಟ್ಟವು. ಹೆದರಿಕೆಗೆ ಬುದ್ಧಿ ಕೈಕೊಟ್ಟಿತು, ಬಲಗೈ ಮಾತ್ರ ಮುಂಜಿಯಿಂದ ಬಂದ ರೂಢಿ ಬಿಡಲಿಲ್ಲ. ಬಟ್ಟಲನ್ನು ಅಂಗೈಗೆ ಬಗ್ಗಿಸಿ, ಊಟಕ್ಕೆ ಮೊದಲು ಪರಿಷೇಚನೆಯ ನೀರು ಬಿಡುವ ಹಾಗೆ, ತಟ್ಟೆಯ ಸುತ್ತ ಬಿಟ್ಟೇಬಿಟ್ಟ. ಘಾಟು ಮೂಗಿಗೆ ಬಡಿದಾಗಲೇ ಅವನಿಗೆ ಎಚ್ಚರವಾದದ್ದು.

ಲಿಯುವಿನ ಮುಖ ಬಿಳಿಚಿತು. ಅವನು ತಟ್ಟನೆ, ಅದು ಇವರ ಪಿತೃಗಳ ಪಾಲು ಎಂದು ಸುಳ್ಳು ಹೊಸೆದ. ಮುದುಕನ ಮುಖ ಅರಳಿತು. ತಮ್ಮಲ್ಲೂ ಸತ್ತವರಿಗೇ ಮೊದಲು ಬಿಡುವುದು ಎನ್ನುತ್ತ ಮತ್ತೆ ತುಂಬಿಸಿ, ಇದು ನಿನ್ನ ಪಾಲು ಎಂದು ಮುಂದೆ ತಳ್ಳಿದ.

ಆನಂದತೀರ್ಥನ ಅಪ್ಪ ತೀರಿ ಇನ್ನೂ ವರ್ಷ ತುಂಬಿರಲಿಲ್ಲ. ಅವರ ಹೆಸರಿನಲ್ಲಿ ಈ ಸುಳ್ಳು ನಡೆಯಗೊಡಲು ಅವನಿಂದಾಗಲಿಲ್ಲ.

"ಅದು ಪಿತೃಗಳಿಗಲ್ಲ, ಸರ್. ನಾವು ಊಟಕ್ಕೆ ಮುಂಚೆ ನೀರು ಬಿಡ್ತೀವಿ. ಭಯಕ್ಕೆ ಕೈ ತಾನೇ ಹಾಗೆ ಮಾಡ್ತು. ನಾನು ಕುಡಿಯೋದಿಲ್ಲ."

ಲಿಯು ಮೇಜಿನ ಕೆಳಗೆ ಅವನ ಕಾಲು ತುಳಿದ. ತಡವಾಗಿತ್ತು.

ಹುವಾಂಗ್ ಇವನ ಬಟ್ಟಲನ್ನು ಎಳೆದುಕೊಂಡು ಕುಡಿದ, ತನ್ನದನ್ನೂ ಕುಡಿದ, ಎರಡನ್ನೂ ಪಕ್ಕಪಕ್ಕ ಮಗುಚಿಟ್ಟ.

"ನಾನು ಮಾಡಿಕೊಡೋ ಚಿಪ್ಪು ಕೆಟ್ಟರೂ ನನಗೆ ಹೀಗೇ ನಿಜ ಹೇಳ್ತೀಯ ತಾನೆ?"

ಆನಂದತೀರ್ಥ ಹೂಂ ಎಂದು ತಲೆಯಾಡಿಸಿದ. ತುತ್ತು ಬಾಯಿಗೆ ತಂದಾಗ ಬೆರಳಲ್ಲಿ ಜೋಳದ ವಾಸನೆ ಇತ್ತು. ಅಪ್ಪ ನೆನಪಾಗಿ ಕಣ್ಣು ತುಂಬಿ ಬಂತು, ಆದರೂ ಊಟ ಬಿಡಲಿಲ್ಲ.